ಒಂದು ಫೆಲೋಶಿಪ್, ಮೂವತ್ತು ವರ್ಷ, ಇನ್ನೊಂದು ಊರು

2011ರಲ್ಲಿ ಬಂದ ‘ರಾ.ಒನ್’ ಹಿಂದಿ ಸಿನಿಮಾದ ‘ಛಮ್ಮಕ್ ಛಲ್ಲೋ’ ಹಾಡು ನಮ್ಮ ಕಡೆಯ ಮದುವೆ ಮೆರವಣಿಗೆಗಳಲ್ಲಿ, ಗಣಪತಿ ಬಿಡುವಾಗ ಎಷ್ಟು ಸಲ ಮೊಳಗಿದೆಯೋ ಲೆಕ್ಕವಿಲ್ಲ. ಅದನ್ನು ಹಾಡಿದ ಏಕಾನ್ 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದವರು. ಅವರ ತಂದೆ ಮೋರ್ ಥಿಯಾಮ್ ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದವರು. ಜೆಂಬೆ ಎಂಬ ಚರ್ಮವಾದ್ಯ ನುಡಿಸುವುದು ಅವರ ಕಸುಬು.

ಸೆನೆಗಲ್‌ನ ವಾದ್ಯಗಾರರೊಬ್ಬರು ಅಮೆರಿಕದ ನಡುಭಾಗದ ಆ ಊರಿಗೆ ಹೋಗಿದ್ದು ಯಾಕೆ? ಸೇಂಟ್ ಲೂಯಿಸ್‌ನ ಎದುರು ದಡದಲ್ಲಿದ್ದ ಒಂದು ಬಡ ಊರಿನ ಹುಡುಗರಿಗೆ ವಾದ್ಯ ಕಲಿಸಲು. ಅವರನ್ನು ಕರೆಸಿದ್ದು ಒಬ್ಬ ನೃತ್ಯಗಾರ್ತಿ. ಆ ನೃತ್ಯಗಾರ್ತಿಯ ದಾರಿ ಶುರುವಾಗಿದ್ದು 1935ರಲ್ಲಿ ಸಿಕ್ಕ ಒಂದು ಫೆಲೋಶಿಪ್‌ನಿಂದ.

ಈ ಕಥೆಯನ್ನು ಈಗ ಬರೆಯಲು ನಮಗೊಂದು ಕಾರಣವಿದೆ. ನಾವು ಜಿಲ್ಲೆ, ತಾಲ್ಲೂಕುಗಳ ಸುದ್ದಿ ಬರೆಯುವವರು. ಯಾವುದೋ ಹಳ್ಳಿಯ ಹುಡುಗನಿಗೆ ನಾಟಕ ಕಲಿಯಲು, ಹುಡುಗಿಗೆ ನೃತ್ಯ ಕಲಿಯಲು ಶಿಷ್ಯವೇತನ ಸಿಕ್ಕಿತು ಎಂದು ಬರೆದಾಗಲೆಲ್ಲ ಹೋಟೆಲ್ ಮುಂದಿನ ಕಟ್ಟೆಯಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ‘ಇದರಿಂದ ಊರಿಗೇನು ಬಂತು?’ ಪ್ರಶ್ನೆ ತಪ್ಪಲ್ಲ. ದುಡ್ಡು ಯಾರದೇ ಆಗಲಿ, ಲೆಕ್ಕ ಕೇಳಬೇಕು. ಆದರೆ ಈ ಲೆಕ್ಕವನ್ನು ಯಾವಾಗ ಕೇಳಬೇಕು, ಎಲ್ಲಿ ನಿಂತು ಕೇಳಬೇಕು ಎನ್ನುವುದಕ್ಕೆ ಕ್ಯಾಥರೀನ್ ಡನ್‌ಹ್ಯಾಮ್ ಅವರ ಬದುಕು ಒಳ್ಳೆಯ ಉದಾಹರಣೆ.

ಹಣ ಎಲ್ಲಿಂದ ಬಂತು

ಮೊದಲು ಹಣ ಕೊಟ್ಟವರ ಬಗ್ಗೆ ನೋಡೋಣ. ಜೂಲಿಯಸ್ ರೋಸೆನ್‌ವಾಲ್ಡ್ 1862ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದರು. ತಂದೆ ಜರ್ಮನಿಯಿಂದ ವಲಸೆ ಬಂದ ಯಹೂದಿ, ಬಟ್ಟೆ ವ್ಯಾಪಾರಿ. ಮಗನೂ ಬಟ್ಟೆ ವ್ಯಾಪಾರದಲ್ಲೇ ಬೆಳೆದು ಸಿಯರ್ಸ್ ರೋಬಕ್ ಎಂಬ ಕಂಪನಿಯ ಪಾಲುದಾರರಾದರು, ಮುಂದೆ ಅದರ ಅಧ್ಯಕ್ಷರಾದರು. ಈ ಕಂಪನಿ ದಪ್ಪ ಪುಸ್ತಕವೊಂದರಲ್ಲಿ ಸರಕಿನ ಚಿತ್ರ, ಬೆಲೆ ಅಚ್ಚು ಹಾಕಿಸಿ ಹಳ್ಳಿ ಹಳ್ಳಿಗೆ ಕಳಿಸುತ್ತಿತ್ತು. ರೈತರು ಅದನ್ನು ನೋಡಿ ಅಂಚೆಯಲ್ಲಿ ಆರ್ಡರ್ ಕಳಿಸಿದರೆ ಸಾಮಾನು ಮನೆ ಬಾಗಿಲಿಗೆ ಬರುತ್ತಿತ್ತು. ಇವತ್ತು ನಾವು ಮೊಬೈಲಿನಲ್ಲಿ ಮಾಡುವುದನ್ನೇ ಆಗ ಕಾಗದದಲ್ಲಿ ಮಾಡುತ್ತಿದ್ದರು. ಹಳ್ಳಿಗಳ ಈ ವ್ಯಾಪಾರದಿಂದ ರೋಸೆನ್‌ವಾಲ್ಡ್ ದೊಡ್ಡ ಶ್ರೀಮಂತರಾದರು.

ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಕಾನೂನಿನ ಪ್ರಕಾರವೇ ಬೇರೆ ಬೇರೆ ಶಾಲೆ. ಕಪ್ಪು ಮಕ್ಕಳ ಶಾಲೆಗೆ ಸರ್ಕಾರ ಕೊಡುತ್ತಿದ್ದುದು ಅತಿ ಕಡಿಮೆ. ಎಷ್ಟೋ ಕಡೆ ಚರ್ಚಿನ ಮೂಲೆಯಲ್ಲಿ, ಮುರುಕಲು ಗುಡಿಸಲಿನಲ್ಲಿ ಪಾಠ ನಡೆಯುತ್ತಿತ್ತು. ಗುಲಾಮನಾಗಿ ಹುಟ್ಟಿ ಶಿಕ್ಷಣತಜ್ಞನಾಗಿ ಬೆಳೆದ ಬುಕರ್ ಟಿ. ವಾಷಿಂಗ್ಟನ್ ಅವರ ಸಲಹೆಯಂತೆ ರೋಸೆನ್‌ವಾಲ್ಡ್ ಹಳ್ಳಿ ಶಾಲೆಗಳನ್ನು ಕಟ್ಟಿಸಲು ಹಣ ಕೊಟ್ಟರು. 1912ರಲ್ಲಿ ಅಲಬಾಮ ರಾಜ್ಯದಲ್ಲಿ ಆರು ಶಾಲೆಗಳಿಂದ ಶುರುವಾದ ಕೆಲಸ 1932ರ ಹೊತ್ತಿಗೆ 15 ರಾಜ್ಯಗಳಿಗೆ ಹರಡಿ, ಸುಮಾರು 5,000 ಶಾಲೆಗಳಾದವು.

ಇದರಲ್ಲಿ ಒಂದು ಶರತ್ತಿತ್ತು. ಪೂರ್ತಿ ಹಣ ರೋಸೆನ್‌ವಾಲ್ಡ್ ಕೊಡುತ್ತಿರಲಿಲ್ಲ. ಊರಿನವರೂ ಹಾಕಬೇಕು, ಸರ್ಕಾರವೂ ಹಾಕಬೇಕು. ನಮ್ಮಲ್ಲಿ ದೇವಸ್ಥಾನಕ್ಕೋ ಶಾಲೆಗೋ ವಂತಿಗೆ ಎತ್ತುವ ಹಾಗೆ ಅಲ್ಲಿನ ಕಪ್ಪು ಜನ ಕಾಸು ಕೂಡಿಸಿದರು. ಕೆಲವರು ಜಾಗ ಬಿಟ್ಟುಕೊಟ್ಟರು, ಕೆಲವರು ಮರ ಕೊಟ್ಟರು, ಏನೂ ಇಲ್ಲದವರು ಮೈಮುರಿದು ದುಡಿದರು. ಕೊನೆಗೆ ಲೆಕ್ಕ ಹಾಕಿದಾಗ ರೋಸೆನ್‌ವಾಲ್ಡ್ ಕೊಟ್ಟದ್ದಕ್ಕಿಂತ ಬಡ ಹಳ್ಳಿಗರು ಕೊಟ್ಟದ್ದೇ ಒಂದಷ್ಟು ಹೆಚ್ಚಿತ್ತು.

1917ರಲ್ಲಿ ಅವರು ತಮ್ಮ ಹೆಸರಿನ ನಿಧಿ ಸ್ಥಾಪಿಸಿದರು. ದಾನದ ಹಣವನ್ನು ಶಾಶ್ವತವಾಗಿ ಕೂಡಿಟ್ಟು ಬಡ್ಡಿಯಲ್ಲಿ ಕಾಲ ಹಾಕುವುದು ಅವರಿಗೆ ಇಷ್ಟವಿರಲಿಲ್ಲ. ತಾನು ಸತ್ತ 25 ವರ್ಷದೊಳಗೆ ಅಸಲು, ಬಡ್ಡಿ ಎಲ್ಲವನ್ನೂ ಖರ್ಚು ಮಾಡಿ ನಿಧಿ ಮುಚ್ಚಬೇಕೆಂದು ಕಟ್ಟು ಮಾಡಿದರು. ಅವರು ತೀರಿಕೊಂಡದ್ದು 1932ರಲ್ಲಿ. ನಿಧಿ 1948ರಲ್ಲೇ ಖಾಲಿಯಾಗಿ ಮುಚ್ಚಿತು.

ಆ ನಿಧಿ 1928ರಿಂದ ಫೆಲೋಶಿಪ್‌ಗಳನ್ನೂ ಕೊಡಲು ಆರಂಭಿಸಿತು. ಶಾಲೆಯಲ್ಲಿ ಓದಿದ ಕಪ್ಪು ಯುವಜನ ಮುಂದೆ ಎಲ್ಲಿಗೆ ಹೋಗಬೇಕು? ವಿಜ್ಞಾನಿ, ಬರಹಗಾರ, ಕಲಾವಿದ ಆಗಬೇಕೆಂದರೆ ಒಂದೆರಡು ವರ್ಷ ಹೊಟ್ಟೆಯ ಚಿಂತೆ ಇಲ್ಲದೆ ಕಲಿಯಲು ದಾರಿ ಬೇಕು. ನೂರಾರು ಜನರಿಗೆ ಈ ಹಣ ಸಿಕ್ಕಿತು. ಗಾಯಕಿ ಮರಿಯನ್ ಆ್ಯಂಡರ್ಸನ್, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್, ಚಿತ್ರಕಲಾವಿದ ಜೇಕಬ್ ಲಾರೆನ್ಸ್, ನೃತ್ಯಗಾರ್ತಿ ಪರ್ಲ್ ಪ್ರೈಮಸ್ ಆ ಪಟ್ಟಿಯಲ್ಲಿದ್ದಾರೆ. ಇವತ್ತು ಅವರ ಹೆಸರು ದೊಡ್ಡದು. ಅರ್ಜಿ ಹಾಕಿದ ದಿನ ಅವರಲ್ಲಿ ಹಲವರು ಹೆಚ್ಚು ಜನಕ್ಕೆ ಗೊತ್ತಿಲ್ಲದ ಯುವಕ ಯುವತಿಯರು.

ಕೋಟು ಕಳಚಿ ಕುಣಿದು ತೋರಿಸಿದ ಹುಡುಗಿ

ಕ್ಯಾಥರೀನ್ ಡನ್‌ಹ್ಯಾಮ್ ಹುಟ್ಟಿದ್ದು 1909ರ ಜೂನ್ 22ರಂದು, ಇಲಿನಾಯ್ ರಾಜ್ಯದಲ್ಲಿ. ತಂದೆ ಕಪ್ಪು ಜನಾಂಗದವರು, ದರ್ಜಿ. ಮುಂದೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟವರು. ತಾಯಿ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದವರು, ಮಗಳು ಇನ್ನೂ ಚಿಕ್ಕವಳಿದ್ದಾಗಲೇ ತೀರಿಕೊಂಡರು. ಕೆಲವು ಕಾಲ ಮಕ್ಕಳು ಶಿಕಾಗೋದ ಅತ್ತೆಯ ಆಸರೆಯಲ್ಲಿ ಬೆಳೆದರು. ತಂದೆ ಮರುಮದುವೆಯಾದ ಮೇಲೆ ಜೋಲಿಯೆಟ್ ಎಂಬ ಊರಿನಲ್ಲಿ ಅಂಗಡಿಯ ಕೆಲಸಕ್ಕೆ ಕೈ ಹಾಕುತ್ತಲೇ ಶಾಲೆ ಮುಗಿಸಿದರು.

ಅಣ್ಣ ಆಲ್ಬರ್ಟ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಅವರ ಹಿಂದೆಯೇ ಕ್ಯಾಥರೀನ್ ಕೂಡ ಅಲ್ಲಿಗೆ ಸೇರಿದರು. ನೃತ್ಯ ಕಲಿಯುವುದು, ಖರ್ಚಿಗೆ ನೃತ್ಯ ಕಲಿಸುವುದು, ನಡುವೆ ಓದು. ಒಂದು ದಿನ ರಾಬರ್ಟ್ ರೆಡ್‌ಫೀಲ್ಡ್ ಎಂಬ ಮಾನವಶಾಸ್ತ್ರದ ಪ್ರಾಧ್ಯಾಪಕರ ಉಪನ್ಯಾಸ ಕೇಳಿದರು. ಅಮೆರಿಕದ ಕಪ್ಪು ಜನರ ಎಷ್ಟೋ ಕುಣಿತಗಳ ಬೇರು ಆಫ್ರಿಕಾದಲ್ಲಿದೆ ಎಂಬ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತು. ಗುಲಾಮರ ಹಡಗಿನಲ್ಲಿ ಬಂದವರ ಕೈಯಲ್ಲಿ ಸಾಮಾನು ಇರಲಿಲ್ಲ. ಭಾಷೆ, ಹೆಸರು, ದೇವರು ಎಲ್ಲವನ್ನೂ ಕಸಿದುಕೊಂಡಿದ್ದರು. ಆದರೂ ಮೈಗೆ ನೆನಪಿದ್ದ ಕುಣಿತ ಉಳಿದಿತ್ತು. ಹಾಗಾದರೆ ಅದು ಎಲ್ಲಿ, ಎಷ್ಟು ಉಳಿದಿದೆ ಎಂದು ಹೋಗಿ ನೋಡಬೇಕಲ್ಲ?

ಹೋಗಲು ಹಣ ಬೇಕು. ಡನ್‌ಹ್ಯಾಮ್ ಅವರ ನೃತ್ಯ ನೋಡಿ ಮೆಚ್ಚಿದ ರೋಸೆನ್‌ವಾಲ್ಡ್ ಮನೆತನದ ಹೆಣ್ಣುಮಗಳೊಬ್ಬರು ನಿಧಿಯ ಸಂದರ್ಶನಕ್ಕೆ ದಾರಿ ಮಾಡಿಕೊಟ್ಟರು. ಅಲ್ಲಿ ಏನಾಯಿತು ಎನ್ನುವುದನ್ನು ಡನ್‌ಹ್ಯಾಮ್ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ನೀವು ಮಾಡಬೇಕೆಂದಿರುವ ಕೆಲಸ ಏನು ಎಂದು ಸಮಿತಿಯವರು ಕೇಳಿದರು. ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸಲೇ ಎಂದು ಕೇಳಿದ ಡನ್‌ಹ್ಯಾಮ್, ಮೇಲೆ ತೊಟ್ಟಿದ್ದ ಉಣ್ಣೆಯ ಕೋಟು, ಲಂಗ ಕಳಚಿದರು. ಒಳಗೆ ನೃತ್ಯದ ಉಡುಪು ತೊಟ್ಟೇ ಬಂದಿದ್ದರು. ಮೊದಲು ಬ್ಯಾಲೆಯ ಚಲನೆ ಮಾಡಿ, ಎಲ್ಲ ಶಾಲೆಗಳಲ್ಲೂ ಕಲಿಸುವುದು ಇದು ಎಂದರು. ಆಮೇಲೆ ಆಫ್ರಿಕಾ ಮೂಲದ ಕುಣಿತ ತೋರಿಸಿ, ನಾನು ಹುಡುಕಿಕೊಂಡು ಹೋಗಬೇಕಾಗಿರುವುದು ಇದನ್ನು ಎಂದರು. ಫೆಲೋಶಿಪ್ ಸಿಕ್ಕಿತು.

ನಿಧಿಯವರು ಸುಮ್ಮನೆ ದುಡ್ಡು ಕೊಟ್ಟು ಹೋಗು ಎನ್ನಲಿಲ್ಲ. ಮೊದಲು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೆಲ್ವಿಲ್ ಹರ್ಸ್ಕೊವಿಟ್ಸ್ ಅವರ ಬಳಿ ತರಬೇತಿ ಕೊಡಿಸಿದರು. ಹಳ್ಳಿಯಲ್ಲಿ ಹೇಗೆ ಇರಬೇಕು, ಏನು ಕೇಳಬೇಕು, ಹೇಗೆ ಬರೆದಿಡಬೇಕು ಎಂದು ಕಲಿಸಿದರು. ಆಮೇಲೆ ಪ್ರಯಾಣ.

ಮುದುಕರು ಕುಣಿಯುವವರೆಗೆ ಕಾದದ್ದು

1935 ಮತ್ತು 1936ರಲ್ಲಿ ಡನ್‌ಹ್ಯಾಮ್ ಕೆರಿಬಿಯನ್ ಸಮುದ್ರದ ದ್ವೀಪಗಳಾದ ಜಮೈಕಾ, ಮಾರ್ಟಿನೀಕ್, ಟ್ರಿನಿಡಾಡ್, ಹೈಟಿಗಳಲ್ಲಿ ತಿರುಗಾಡಿದರು. ಆಗ ಅವರ ವಯಸ್ಸು 26.

ಜಮೈಕಾದ ಗುಡ್ಡಗಳ ನಡುವೆ ಅಕೊಂಪಾಂಗ್ ಎಂಬ ಹಳ್ಳಿಯಿದೆ. ಅಲ್ಲಿನವರು ಮರೂನರು. ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿ, ಬ್ರಿಟಿಷರ ಸೈನ್ಯದ ವಿರುದ್ಧ ಕಾದಾಡಿ, 1739ರ ಹೊತ್ತಿಗೆ ಅವರಿಂದಲೇ ಒಪ್ಪಂದ ಬರೆಸಿಕೊಂಡ ಗುಲಾಮರ ವಂಶದವರು. ಅವರ ಹಳೆಯ ಯುದ್ಧದ ಕುಣಿತ ನೋಡಬೇಕೆಂದು ಡನ್‌ಹ್ಯಾಮ್ ಹೋದರು. ಊರಿನ ಮುಖ್ಯಸ್ಥ ಇವತ್ತು ನಾಳೆ ಎಂದು ದಿನ ದೂಡಿದ. ಹೊರಗಿನವಳ ಮುಂದೆ ಅದನ್ನು ತೋರಿಸಲು ಅವರಿಗೆ ಮನಸ್ಸಿರಲಿಲ್ಲ. ಡನ್‌ಹ್ಯಾಮ್ ಆ ಜನರ ನಡುವೆಯೇ ಇದ್ದು ಕಾದರು. ಅವರು ಹೊರಡುವ ದಿನ ಹತ್ತಿರ ಬಂದಾಗ, ಮುಖ್ಯಸ್ಥ ಊರಲ್ಲಿಲ್ಲದ ಒಂದು ರಾತ್ರಿ, ಮುದುಕ ಮುದುಕಿಯರು ತಾವಾಗಿಯೇ ಸೇರಿ ಕುಣಿದರು. ಡನ್‌ಹ್ಯಾಮ್ ಅವರೂ ಜೊತೆಗೂಡಿದರು. ಈ ಅನುಭವವನ್ನು ಅವರು 1946ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ನಮ್ಮಲ್ಲಿ ಜಾನಪದ ಸಂಗ್ರಹಕ್ಕೆಂದು ಹಳ್ಳಿಗೆ ಬಂದವರನ್ನು ನೀವು ನೋಡಿರುತ್ತೀರಿ. ಬೆಳಿಗ್ಗೆ ಬಂದು ಹಾಡು ಹೇಳಿಸಿ, ಮೊಬೈಲಿನಲ್ಲಿ ತುಂಬಿಕೊಂಡು ಸಂಜೆ ಬಸ್ಸಿಗೆ ವಾಪಸ್ ಹೋಗುವವರೇ ಹೆಚ್ಚು. ಅಜ್ಜಿಯರು ಅಂಥವರಿಗೆ ಪೂರ್ತಿ ಹಾಡು ಕೊಡುವುದಿಲ್ಲ. ಕೊಡಬೇಕೆಂದರೆ ಜೊತೆಗೆ ಕೂತು ಅಕ್ಕಿ ಆರಿಸಬೇಕು, ಕಷ್ಟಸುಖ ಕೇಳಬೇಕು. ಫೆಲೋಶಿಪ್ ಡನ್‌ಹ್ಯಾಮ್ ಅವರಿಗೆ ಕೊಟ್ಟ ದೊಡ್ಡ ವಸ್ತು ಈ ಪುರುಸೊತ್ತು. ಅವರು ಹೆಚ್ಚು ಕಾಲ ಕಳೆದ ಹೈಟಿಯಲ್ಲಿ ಅಲ್ಲಿನ ಜನರ ವೋಡೂ ಧರ್ಮದ ದೀಕ್ಷೆಯನ್ನೂ ಪಡೆದರು. ಕುಣಿತವನ್ನು ಅದರ ಪೂಜೆ, ವಾದ್ಯ, ಊಟ, ನಂಬಿಕೆಗಳ ಜೊತೆಗೇ ಕಲಿತರು.

1936ರಲ್ಲಿ ಶಿಕಾಗೋಗೆ ಮರಳಿ ಪದವಿ ಪಡೆದರು. ಮುಂದೆ ಪ್ರಾಧ್ಯಾಪಕರಾಗುವ ದಾರಿಯೂ ಇತ್ತು, ರಂಗದ ದಾರಿಯೂ ಇತ್ತು. ಅವರು ರಂಗವನ್ನು ಆರಿಸಿಕೊಂಡರು. ಆದರೆ ಕಲಿತ ಓದನ್ನು ಬಿಡಲಿಲ್ಲ. ಬ್ಯಾಲೆಯ ಶಿಸ್ತು, ಕೆರಿಬಿಯನ್ ಹಳ್ಳಿಗಳ ಕುಣಿತ ಎರಡನ್ನೂ ಬೆಸೆದು ತಮ್ಮದೇ ನೃತ್ಯಪದ್ಧತಿ ಕಟ್ಟಿದರು. ಭುಜ, ಎದೆ, ಸೊಂಟ ಒಂದೊಂದನ್ನೂ ಬೇರೆ ಬೇರೆಯಾಗಿ ಆಡಿಸುವ ಅಭ್ಯಾಸ ಅದರ ಮುಖ್ಯ ಭಾಗ. ಪಾಠದ ಉದ್ದಕ್ಕೂ ಚರ್ಮವಾದ್ಯ ನುಡಿಯುತ್ತಲೇ ಇರಬೇಕು. ‘ಡನ್‌ಹ್ಯಾಮ್ ಪದ್ಧತಿ’ ಎಂಬ ಹೆಸರಿನಲ್ಲಿ ಇವತ್ತಿಗೂ ಅದನ್ನು ಕಲಿಸುತ್ತಾರೆ.

ಅದು ಅಮೆರಿಕದಲ್ಲಿ ಭಾರಿ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದವರಿಗೆ ಸರ್ಕಾರ ರಸ್ತೆ, ಸೇತುವೆ ಕೆಲಸ ಕೊಟ್ಟ ಹಾಗೆಯೇ 1935ರಿಂದ 1939ರವರೆಗೆ ನಾಟಕದವರಿಗೂ ಸಂಬಳದ ಕೆಲಸ ಕೊಟ್ಟಿತ್ತು. ಆ ಯೋಜನೆಯಡಿ 1938ರಲ್ಲಿ ಶಿಕಾಗೋದಲ್ಲಿ ಡನ್‌ಹ್ಯಾಮ್ ‘ಲಾಗ್ಯಾ’ ಎಂಬ ನೃತ್ಯರೂಪಕ ಆಡಿಸಿದರು. ಮಾರ್ಟಿನೀಕ್‌ನ ಮೀನುಗಾರರ ಹಳ್ಳಿಯ ಕಥೆ, ಅಲ್ಲಿನ ಕುಸ್ತಿಯಂಥ ಕುಣಿತ ಅದರ ಜೀವಾಳ. ಎರಡು ವರ್ಷದ ಹಿಂದೆ ದ್ವೀಪದಲ್ಲಿ ನೋಡಿದ್ದನ್ನು ನಗರದ ಜನ ರಂಗದ ಮೇಲೆ ಕಂಡರು.

ಕಲಿತವರು ಕಲಿಸಲು ನಿಂತರು

1940ರ ದಶಕದಲ್ಲಿ ಡನ್‌ಹ್ಯಾಮ್ ತಂಡ ಬ್ರಾಡ್‌ವೇ ನಾಟಕಗಳಲ್ಲಿ, ಹಾಲಿವುಡ್ ಸಿನಿಮಾಗಳಲ್ಲಿ ಕಾಣಿಸಿಕೊಂಡಿತು. ಆಮೇಲೆ ಐವತ್ತಕ್ಕೂ ಹೆಚ್ಚು ದೇಶ ಸುತ್ತಿತು. ಕಪ್ಪು ಕಲಾವಿದರ ಅಷ್ಟು ದೊಡ್ಡ ನೃತ್ಯತಂಡವನ್ನು ಸ್ವಂತ ದುಡಿಮೆಯಿಂದ ಅಷ್ಟು ವರ್ಷ ನಡೆಸುವುದು ಆಗ ಸಣ್ಣ ಮಾತಾಗಿರಲಿಲ್ಲ. ಸರ್ಕಾರದ ನೆರವು ಸಿಗಲಿಲ್ಲ. ಒಂದು ಕಡೆಯ ಆಟದಲ್ಲಿ ಬಂದ ಹಣ ಮುಂದಿನ ಊರಿನ ಖರ್ಚಿಗೆ. ನಮ್ಮ ಕಂಪನಿ ನಾಟಕದವರ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವಮಾನಗಳೂ ಕಡಿಮೆ ಇರಲಿಲ್ಲ. 1944ರಲ್ಲಿ ಲೂಯಿವಿಲ್ ನಗರದಲ್ಲಿ ಕಪ್ಪು ಪ್ರೇಕ್ಷಕರನ್ನು ಬೇರೆ ಕೂರಿಸಿದ್ದನ್ನು ಕಂಡು, ಆಟ ಮುಗಿದ ಮೇಲೆ ರಂಗದಿಂದಲೇ ಹೇಳಿದರು: ಎಲ್ಲರೂ ಒಟ್ಟಿಗೆ ಕೂರುವವರೆಗೆ ನಾನು ಇಲ್ಲಿ ಮತ್ತೆ ಆಡುವುದಿಲ್ಲ. 1950ರಲ್ಲಿ ಬ್ರೆಜಿಲ್‌ನ ಸಾವ್ ಪಾವ್ಲೋ ನಗರದ ಹೋಟೆಲೊಂದು ಬಣ್ಣದ ಕಾರಣಕ್ಕೆ ಅವರಿಗೆ ಕೋಣೆ ಕೊಡಲಿಲ್ಲ. ಅವರು ಸುಮ್ಮನಿರಲಿಲ್ಲ. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಗಿ, 1951ರಲ್ಲಿ ಆ ದೇಶ ಬಣ್ಣಭೇದದ ವಿರುದ್ಧ ತನ್ನ ಮೊದಲ ಕಾಯ್ದೆ ಮಾಡಿತು.

ಈ ನಡುವೆ ನ್ಯೂಯಾರ್ಕ್‌ನಲ್ಲಿ ಅವರು ಒಂದು ಶಾಲೆ ತೆರೆದು ಸುಮಾರು ಹತ್ತು ವರ್ಷ ನಡೆಸಿದರು. ನೃತ್ಯದ ಜೊತೆ ನಾಟಕ, ವಾದ್ಯ, ಭಾಷೆ, ಮಾನವಶಾಸ್ತ್ರ ಎಲ್ಲವೂ ಅಲ್ಲಿ ಪಾಠ. ಮುಂದೆ ಹೆಸರಾಂತ ನಟನಾದ ಮರ್ಲಾನ್ ಬ್ರಾಂಡೊ ಕೂಡ ಅಲ್ಲಿ ಪಾಠಕ್ಕೆ ಬಂದವರೇ. ಅರ್ಥಾ ಕಿಟ್ ಎಂಬ ಹುಡುಗಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ದಕ್ಷಿಣ ಕೆರೊಲಿನಾದ ಹತ್ತಿ ಹೊಲದ ಸೀಮೆಯಲ್ಲಿ ಹುಟ್ಟಿದವಳು. ಬಡತನದಿಂದ ಬಿಡಿಸಿಕೊಂಡು ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯಲ್ಲಿದ್ದ ಬಂಧುವಿನ ಮನೆ ಸೇರಿದಳು. ಹದಿನಾರರ ವಯಸ್ಸಿನಲ್ಲಿ ಡನ್‌ಹ್ಯಾಮ್ ಅವರ ಬಳಿ ವಿದ್ಯಾರ್ಥಿವೇತನ ಸಿಕ್ಕಿ ಅವರ ತಂಡಕ್ಕೆ ಸೇರಿದಳು. ಅಲ್ಲಿಂದ ಲೋಕಪ್ರಸಿದ್ಧ ಗಾಯಕಿ, ನಟಿಯಾದಳು. ಒಂದು ಕಾಲದಲ್ಲಿ ಫೆಲೋಶಿಪ್ ಪಡೆದವರು ಈಗ ತಾವೇ ಇನ್ನೊಬ್ಬರಿಗೆ ವಿದ್ಯಾರ್ಥಿವೇತನ ಕೊಡುವ ಜಾಗದಲ್ಲಿದ್ದರು.

ಸುಟ್ಟ ಊರಿಗೆ ಬಂದ ನೃತ್ಯಗಾರ್ತಿ

ಈಗ ನಾವು ಮೊದಲು ಹೇಳಿದ ಬಡ ಊರಿಗೆ ಬರೋಣ. ಮಿಸಿಸಿಪಿ ನದಿಯ ಪಶ್ಚಿಮ ದಡದಲ್ಲಿ ಸೇಂಟ್ ಲೂಯಿಸ್ ನಗರ, ಪೂರ್ವ ದಡದಲ್ಲಿ ಈಸ್ಟ್ ಸೇಂಟ್ ಲೂಯಿಸ್. ನದಿ ನಡುವೆ ಇದ್ದರೂ ರಾಜ್ಯ ಬೇರೆ, ಪಾಡು ಬೇರೆ. ರೈಲ್ವೆ ಯಾರ್ಡು, ಕಸಾಯಿಖಾನೆ, ಲೋಹದ ಕಾರ್ಖಾನೆಗಳ ಊರು ಅದು. ಕೂಲಿ ಹುಡುಕಿಕೊಂಡು ದಕ್ಷಿಣದ ಹಳ್ಳಿಗಳ ಕಪ್ಪು ಜನ ಅಲ್ಲಿಗೆ ಬಂದರು. ಕಾರ್ಖಾನೆ ಮಾಲೀಕರು ಬಿಳಿ ಕಾರ್ಮಿಕರ ಮುಷ್ಕರ ಮುರಿಯಲು ಅವರನ್ನು ಬಳಸಿಕೊಂಡರು. ಆ ಸಿಟ್ಟು ಮಾಲೀಕರ ಮೇಲೆ ತಿರುಗುವ ಬದಲು ಬಡಪಾಯಿಗಳ ಮೇಲೆ ತಿರುಗಿತು. 1917ರ ಜುಲೈನಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮನೆಗಳಿಗೆ ಬೆಂಕಿ ಇಟ್ಟವು. ಅಧಿಕೃತ ಲೆಕ್ಕದಲ್ಲಿ ಸತ್ತವರು 39 ಕಪ್ಪು ಜನ, 9 ಬಿಳಿಯರು. ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು ಎಂದು ಇತಿಹಾಸಕಾರರು ಹೇಳುತ್ತಾರೆ. ಸಾವಿರಾರು ಜನ ಮನೆ ಕಳೆದುಕೊಂಡು ಸೇತುವೆ ದಾಟಿ ಓಡಿದರು.

1950ರಲ್ಲಿ ಆ ಊರಿನ ಜನಸಂಖ್ಯೆ 82,000 ದಾಟಿತ್ತು. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ದುಡ್ಡಿದ್ದವರು ಬಿಟ್ಟು ಹೋದರು. ತೆರಿಗೆ ಬರದೆ ನಗರಸಭೆ ಬಡವಾಯಿತು. ಉಳಿದ ಹುಡುಗರಿಗೆ ಕೆಲಸವಿರಲಿಲ್ಲ. ಬೀದಿಯ ಗುಂಪುಗಳು, ಹೊಡೆದಾಟ, ಪೊಲೀಸರ ಲಾಠಿ ದಿನನಿತ್ಯದ ಮಾತಾಯಿತು.

ಡನ್‌ಹ್ಯಾಮ್ 1964ರಲ್ಲಿ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಅತಿಥಿ ಕಲಾವಿದೆಯಾಗಿ ಬಂದರು. ಆಗ ಈಸ್ಟ್ ಸೇಂಟ್ ಲೂಯಿಸ್ ನೋಡಿದರು. ಆಮೇಲೆ ಸೆನೆಗಲ್‌ಗೆ ಹೋಗಿ, 1966ರಲ್ಲಿ ರಾಜಧಾನಿ ಡಾಕರ್‌ನಲ್ಲಿ ನಡೆದ ಕಪ್ಪು ಕಲೆಗಳ ವಿಶ್ವ ಉತ್ಸವಕ್ಕೆ ಸಲಹೆಗಾರರಾಗಿ ದುಡಿದರು. ಅಲ್ಲಿಂದ ಮರಳಿದ ಮೇಲೆ ಅವರಿಗೆ ನ್ಯೂಯಾರ್ಕ್ ಇತ್ತು, ಪ್ಯಾರಿಸ್ ಇತ್ತು. ಅವರು ಆರಿಸಿಕೊಂಡದ್ದು ಎಲ್ಲರೂ ಬಿಟ್ಟು ಹೋಗುತ್ತಿದ್ದ ಆ ಊರನ್ನು. 1967ರಲ್ಲಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅಲ್ಲಿ ರಂಗಕಲೆಗಳ ತರಬೇತಿ ಕೇಂದ್ರ ಶುರು ಮಾಡಿದರು. ಆಗ ಅವರ ವಯಸ್ಸು 58.

ಕೇಂದ್ರ ತೆರೆದ ವರ್ಷವೇ ಒಂದು ಘಟನೆ ನಡೆಯಿತು. ಅವರ ಜೊತೆಗಿದ್ದ ಸ್ಥಳೀಯ ಯುವಕರನ್ನು ಪೊಲೀಸರು ಹಿಡಿದುಕೊಂಡು ಹೋದರು. ಯಾಕೆ ಹಿಡಿದಿರಿ ಎಂದು ಕೇಳಲು ಡನ್‌ಹ್ಯಾಮ್ ಠಾಣೆಗೆ ಹೋದರು. ಪೊಲೀಸರು ಅವರನ್ನೂ ಒಳಗೆ ಹಾಕಿದರು. ಲೋಕ ಸುತ್ತಿ ಬಂದ ಕಲಾವಿದೆ ನಮ್ಮ ಹುಡುಗರಿಗಾಗಿ ಲಾಕಪ್ಪಿಗೆ ಹೋದರು ಎಂಬ ಸುದ್ದಿ ಊರಲ್ಲಿ ಹಬ್ಬಿತು.

ಪಾಠ ಹೇಗಿತ್ತು

ಬೀದಿಯ ಗುಂಪುಗಳಲ್ಲಿದ್ದ ಹುಡುಗರನ್ನು ‘ಬನ್ನಿ, ನೃತ್ಯ ಕಲಿಯಿರಿ’ ಎಂದು ಕರೆದರೆ ಯಾರು ಬರುತ್ತಾರೆ? ಗಂಡುಹುಡುಗರು ಕುಣಿತ ಕಲಿಯುವುದನ್ನು ನೋಡಿ ನಗುವವರು ನಮ್ಮಲ್ಲೂ ಇದ್ದಾರೆ, ಅಲ್ಲೂ ಇದ್ದರು. ಹಾಗಾಗಿ ಕೇಂದ್ರದಲ್ಲಿ ಚರ್ಮವಾದ್ಯದ ತರಗತಿ ಇತ್ತು, ಕರಾಟೆಯಂಥ ಕಾದಾಟದ ವಿದ್ಯೆಯ ತರಗತಿಯೂ ಇತ್ತು. ವಾದ್ಯ ಕಲಿತವನು ಕುಣಿತಕ್ಕೆ ನುಡಿಸಬೇಕು. ನುಡಿಸುತ್ತ ನುಡಿಸುತ್ತ ಕುಣಿತ ಅರ್ಥವಾಗುತ್ತದೆ.

ಕಲಿಸಲು ಸೆನೆಗಲ್, ಹೈಟಿ ಮುಂತಾದ ಕಡೆಗಳಿಂದ ಕಲಾವಿದರನ್ನು ಕರೆಸಿದರು. ಮೋರ್ ಥಿಯಾಮ್ ಬಂದದ್ದು ಹೀಗೆ, 1968ರಲ್ಲಿ. ಊರಿನವರೇ ಆದ ಕವಿ ಯೂಜೀನ್ ರೆಡ್‌ಮಂಡ್ ಅಂಥವರೂ ಈ ಕೆಲಸದಲ್ಲಿ ಜೊತೆಯಾದರು. ಹಿಂದೆ ಡನ್‌ಹ್ಯಾಮ್ ತಂಡದಲ್ಲಿ ಕುಣಿದವರು ಬಂದು ಪಾಠ ಹೇಳಿದರು. ಹೀಗೆ ಬಂದ ಗುರುಗಳು ಕಲೆಯ ಜೊತೆಗೆ ಆ ಮಕ್ಕಳ ಹಿರಿಯರ ಕಥೆಯನ್ನೂ ತಂದರು. ನಿಮ್ಮ ಅಜ್ಜನ ಅಜ್ಜ ಎಲ್ಲಿಂದ ಬಂದ, ಅವನ ಊರಲ್ಲಿ ಈ ವಾದ್ಯವನ್ನು ಯಾವಾಗ ನುಡಿಸುತ್ತಿದ್ದರು ಎಂದು ಹೇಳಿಕೊಟ್ಟರು. ಶಾಲೆಯ ಪುಸ್ತಕದಲ್ಲಿ ತಮ್ಮವರ ಹೆಸರೇ ಇಲ್ಲದ ಮಕ್ಕಳಿಗೆ ಅದು ಹೊಸ ಸಂಗತಿ.

1970ರಲ್ಲಿ ವಾಷಿಂಗ್ಟನ್‌ನಲ್ಲಿ ಮಕ್ಕಳ ಬಗ್ಗೆ ಶ್ವೇತಭವನದ ಸಮ್ಮೇಳನ ನಡೆದಾಗ ಡನ್‌ಹ್ಯಾಮ್ ತಮ್ಮ ಕೇಂದ್ರದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಪ್ರದರ್ಶನ ಕೊಡಿಸಿದರು. 1977ರಲ್ಲಿ ಊರಿನಲ್ಲೇ ಒಂದು ಮ್ಯೂಸಿಯಂ ತೆರೆದರು. ದೇಶ ವಿದೇಶಗಳಲ್ಲಿ ಸಂಗ್ರಹಿಸಿದ್ದ ವಾದ್ಯ, ಉಡುಪು, ಶಿಲ್ಪಗಳು ಅಲ್ಲಿ ಸೇರಿದವು. 1935ರಲ್ಲಿ ಶುರುವಾದ ಹುಡುಕಾಟದ ಫಲವನ್ನು ಆ ಊರಿನ ಮಕ್ಕಳು ಟಿಕೆಟ್ ತೆಗೆದುಕೊಂಡು ದೂರ ಹೋಗದೆ ನಡೆದೇ ಹೋಗಿ ನೋಡಬಹುದಾಯಿತು.

ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ನೃತ್ಯದಿಂದ ಈಸ್ಟ್ ಸೇಂಟ್ ಲೂಯಿಸ್ ಉದ್ಧಾರವಾಯಿತೇ? ಇಲ್ಲ. ಮುಚ್ಚಿದ ಕಾರ್ಖಾನೆ ತೆರೆಯಲಿಲ್ಲ. ಜನ ಊರು ಬಿಡುವುದು ನಿಲ್ಲಲಿಲ್ಲ. 2000ದ ಜನಗಣತಿಯಲ್ಲಿ ಅಲ್ಲಿ ಉಳಿದಿದ್ದವರು ಸುಮಾರು 31,500. ಡನ್‌ಹ್ಯಾಮ್ ಅವರಿಗೂ ಮುಪ್ಪಿನಲ್ಲಿ ಹಣದ ಅಡಚಣೆ ತಪ್ಪಲಿಲ್ಲ. ಒಂದು ತರಬೇತಿ ಕೇಂದ್ರದಿಂದ ಕಾರ್ಖಾನೆ, ಆಸ್ಪತ್ರೆ, ನಗರಸಭೆಯ ಕೆಲಸವನ್ನು ನಿರೀಕ್ಷಿಸುವುದು ಸರಿಯೂ ಅಲ್ಲ. ಊರು ಸರಿಪಡಿಸುವ ಹೊಣೆಯನ್ನು ಕಲಾವಿದರ ತಲೆಗೆ ಕಟ್ಟಿ, ಆಗಲಿಲ್ಲ ನೋಡಿ ಎನ್ನುವುದು ಅಧಿಕಾರದಲ್ಲಿರುವವರಿಗೆ ಸುಲಭ.

ಹಾಗಾದರೆ ಬಂದದ್ದೇನು? ಬೀದಿಗೆ ಬಿದ್ದಿದ್ದ ಹುಡುಗರಿಗೆ ದಿನಾ ಸಂಜೆ ಹೋಗಲು ಒಂದು ಜಾಗ ಬಂತು. ಹೆಸರಿಡಿದು ಕರೆಯುವ, ತಪ್ಪಿದಾಗ ಬೈಯುವ ಗುರುಗಳು ಬಂದರು. ಕೇಂದ್ರದಲ್ಲಿ ಕಲಿತವರಲ್ಲಿ ಕೆಲವರು ಮುಂದೆ ತಾವೇ ಕಲಿಸುವವರಾದರು. ಎದುರು ದಡದ ಸೇಂಟ್ ಲೂಯಿಸ್‌ನಲ್ಲೂ ಆಫ್ರಿಕಾದ ವಾದ್ಯ, ನೃತ್ಯ ಬೇರೂರಿತು.

ಡನ್‌ಹ್ಯಾಮ್ ಕಲಿತ ಊರಿನ ಋಣವನ್ನೂ ಮರೆಯಲಿಲ್ಲ. 1992ರಲ್ಲಿ ಹೈಟಿಯಿಂದ ದೋಣಿ ಹತ್ತಿ ಬಂದ ನಿರಾಶ್ರಿತರನ್ನು ಅಮೆರಿಕ ಹಿಂದಕ್ಕೆ ಅಟ್ಟುತ್ತಿದ್ದಾಗ, 82ನೇ ವಯಸ್ಸಿನಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನ ಮನೆಯಲ್ಲೇ 47 ದಿನ ಉಪವಾಸ ಕೂತರು. ತನಗೆ ಕುಣಿತ ಕಲಿಸಿದ ಜನರನ್ನು ದೇಶ ಹೊರಗಟ್ಟುವಾಗ ಸುಮ್ಮನೆ ಇರುವುದು ಅವರಿಗೆ ಆಗದ ಮಾತು. 2006ರ ಮೇ 21ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ.

ರೋಸೆನ್‌ವಾಲ್ಡ್ ನಿಧಿಯ ಗುಮಾಸ್ತರು 1936ರಲ್ಲಿ ಲೆಕ್ಕ ಬರೆದಿದ್ದರೆ ಏನು ಬರೆಯಬಹುದಿತ್ತು? ಒಬ್ಬ ಹುಡುಗಿ ದ್ವೀಪಗಳಿಗೆ ಹೋಗಿ ಬಂದಳು, ಪದವಿ ಪಡೆದಳು, ಪ್ರಾಧ್ಯಾಪಕಿಯಾಗದೆ ನೃತ್ಯಕ್ಕೆ ಹೋದಳು, ಇಷ್ಟೇ. ಫಲ ಕಂಡದ್ದು ಮೂವತ್ತೆರಡು ವರ್ಷದ ಮೇಲೆ, ಬೇರೆ ಊರಲ್ಲಿ, ಅರ್ಜಿಯಲ್ಲಿ ಹೆಸರೇ ಇರದ ಮಕ್ಕಳಲ್ಲಿ. ಅಷ್ಟು ಹೊತ್ತಿಗೆ ಹಣ ಕೊಟ್ಟವರು ತೀರಿಕೊಂಡು ಮೂವತ್ತೈದು ವರ್ಷ, ನಿಧಿ ಮುಚ್ಚಿ ಹತ್ತೊಂಬತ್ತು ವರ್ಷವಾಗಿತ್ತು. ತೆಂಗಿನ ಸಸಿ ನೆಟ್ಟವನು ಮೊದಲ ವರ್ಷವೇ ಕಾಯಿ ಎಣಿಸುವುದಿಲ್ಲ. ರೈತರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಇದರಿಂದ ನಮಗೆ ತಿಳಿಯುವ ಮಾತು ಎರಡು. ಒಂದು, ಕಲಿಯುವ ವಯಸ್ಸಿನ ಕಲಾವಿದರಿಗೆ ಕೊಡುವ ಹಣದಲ್ಲಿ ಪುರುಸೊತ್ತೂ ಸೇರಿರಬೇಕು. ಮೂರು ತಿಂಗಳಿಗೊಂದು ವರದಿ, ಆರು ತಿಂಗಳಿಗೊಂದು ಪ್ರದರ್ಶನ ಎಂದು ಓಡಿಸಿದರೆ ಅಕೊಂಪಾಂಗ್‌ನ ಮುದುಕರು ಕುಣಿಯುವವರೆಗೆ ಕಾಯುವುದು ಯಾರಿಗೂ ಆಗುವುದಿಲ್ಲ. ಎರಡು, ಕಲಿಸುವ ಕೆಲಸಕ್ಕೂ ಸಂಬಳ ಬೇಕು. ಡನ್‌ಹ್ಯಾಮ್ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ನೆಲೆ ನಿಲ್ಲಲು ವಿಶ್ವವಿದ್ಯಾಲಯದ ಕೆಲಸ ಆಧಾರವಾಯಿತು. ಕಲೆಯನ್ನು ಸೇವೆ ಎಂದು ಹೊಗಳಿ, ಶಾಲು ಹೊದಿಸಿ, ಕಲಿಸುವವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಕೇಂದ್ರದ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಸಂಗೀತ, ನೃತ್ಯ, ನಾಟಕ, ಜಾನಪದ ಕಲೆಗಳೆಲ್ಲ ಅದರಲ್ಲಿ ಸೇರಿವೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಡೊಳ್ಳು ಬಾರಿಸುವ, ಬಯಲಾಟದಲ್ಲಿ ಪಾತ್ರ ಮಾಡುವ ಆ ವಯಸ್ಸಿನ ಮಕ್ಕಳಿದ್ದರೆ ಅರ್ಜಿ ಕರೆದಾಗ ಹಾಕಿಸಿ. ಸಿಕ್ಕ ಮೇಲೆ ‘ಊರಿಗೇನು ಬಂತು’ ಎಂದು ಮರುದಿನವೇ ಕೇಳಬೇಡಿ. ಬೇರೆ ಯಾವುದೋ ನಗರದ ಕೊಳೆಗೇರಿಯಲ್ಲಿ ನಿಮ್ಮೂರಿನ ಹುಡುಗಿ ಮಕ್ಕಳಿಗೆ ತಾಳ ಹೇಳಿಕೊಡುತ್ತಿದ್ದಾಳೆ ಎಂದು ಇಪ್ಪತ್ತು ವರ್ಷದ ಮೇಲೆ ಗೊತ್ತಾದರೆ, ಅದನ್ನೂ ಊರಿನ ಲೆಕ್ಕಕ್ಕೇ ಬರೆದುಕೊಳ್ಳಿ.